ಜಂಬಿಟ್ಟಿಗೆ ನೆಲದಲ್ಲಿ ವರ್ಟಿಕಲ್ ಆಂಟೆನಾ: ರೇಡಿಯಲ್ ಹಾಸುವ ಬಗೆ

ಹ್ಯಾಮ್ ರೇಡಿಯೋದ ವರ್ಟಿಕಲ್ (ನೆಟ್ಟಗೆ ನಿಲ್ಲಿಸುವ) ಆಂಟೆನಾದ ಬುಡದಲ್ಲಿ ಎಂಟಡಿ ತಾಮ್ರದ ರಾಡ್ ಹೊಡೆದು, ಇದ್ದಿಲು-ಉಪ್ಪು ಸುರಿದು ‘ಅರ್ಥಿಂಗ್ ಆಯ್ತು’ ಎಂದರೆ ಅದು ಸಿಡಿಲಿಗೆ ಆಯಿತು, ರೇಡಿಯೋಗಲ್ಲ. ಎಚ್‌ಎಫ್ (ಶಾರ್ಟ್‌ವೇವ್) ಕರೆಂಟ್ ಆಳಕ್ಕೆ ಇಳಿಯುವುದಿಲ್ಲ. ಸುತ್ತಲಿನ ನೆಲದ ಮೇಲ್ಪದರದಲ್ಲೇ ಹರಿದು ಬುಡಕ್ಕೆ ವಾಪಸ್ ಬರುತ್ತದೆ. ಶಿರಸಿ, ಸಿದ್ದಾಪುರ ಕಡೆಯ ಜಂಬಿಟ್ಟಿಗೆ ನೆಲ ಇದಕ್ಕೆ ಒಳ್ಳೆಯ ದಾರಿಯಲ್ಲ. ಪವರ್ ಮಣ್ಣು ಕಾಯಿಸುವುದಕ್ಕೇ ಹೋಗುತ್ತದೆ. ಹಾಗಾಗಿ ತಂತಿಯ ದಾರಿ ನಾವೇ ಹಾಕಿಕೊಡಬೇಕು. ಬುಡದಿಂದ ಸುತ್ತಲೂ ಹಾಸುವ ಈ ತಂತಿಗಳೇ ರೇಡಿಯಲ್.

ತರಂಗದ ಉದ್ದ ಸುಮಾರು 40 ಮೀಟರ್ ಇರುವ ಹ್ಯಾಮ್ ಬ್ಯಾಂಡಿನ ಲೆಕ್ಕ ಹಿಡಿಯೋಣ. 7.1 ಮೆಗಾಹರ್ಟ್ಸ್‌ಗೆ ಕಾಲು ತರಂಗ ಸುಮಾರು 10 ಮೀಟರ್. ನಿಲ್ಲಿಸುವ ತಂತಿಯನ್ನು 10.3 ಮೀಟರ್ ಕತ್ತರಿಸಿ, ಆಮೇಲೆ ಸವರುತ್ತ ಬನ್ನಿ. ಆಧಾರಕ್ಕೆ ಬಿದಿರಿನ ಗಳ ಸಾಕು. ಅಡಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಮನೆಯಲ್ಲೇ ಇದೆಯೆಂದು ಅದಕ್ಕೆ ತಂತಿ ಸುತ್ತಬೇಡಿ. ಕಾರ್ಬನ್ ವಿದ್ಯುತ್ ವಾಹಕ, ಟ್ಯೂನಿಂಗ್ ಪೂರ್ತಿ ಕೆಡುತ್ತದೆ. ಗಳ ಬಿದ್ದರೂ ಹೆಸ್ಕಾಂ ತಂತಿಗೆ ತಾಗದಷ್ಟು ದೂರ ಇರಲಿ.

ರೇಡಿಯಲ್‌ಗೆ 1 ಚದರ ಮಿಲಿಮೀಟರಿನ ಹೌಸ್ ವೈರಿಂಗ್ ವೈರ್, 90 ಮೀಟರಿನ ಒಂದು ಕಾಯಿಲ್. ಅದರಲ್ಲಿ 10 ಮೀಟರಿನ ಒಂಬತ್ತು ತುಂಡು ಮಾಡುವ ಬದಲು 5.5 ಮೀಟರಿನ ಹದಿನಾರು ಮಾಡಿ. ಕರೆಂಟ್ ದಟ್ಟವಾಗಿರುವುದು ಬುಡದ ಹತ್ತಿರ, ತಂತಿಯೂ ಅಲ್ಲೇ ದಟ್ಟವಾಗಿರಲಿ. ನೆಲಕ್ಕೆ ತಾಗಿದ ರೇಡಿಯಲ್‌ಗೆ ಖಚಿತ ಉದ್ದ ಬೇಕಿಲ್ಲ, ಉದ್ದಕ್ಕೂ ಇನ್ಸುಲೇಶನ್ ಸುಲಿಯುವುದೂ ಬೇಡ. 1937ರಲ್ಲಿ ಪ್ರಕಟವಾದ ಪ್ರಯೋಗಗಳ ನಂತರ ಮೀಡಿಯಂ ವೇವ್ ಕೇಂದ್ರಗಳಿಗೆ 120 ರೇಡಿಯಲ್ ರೂಢಿಯಾಯಿತು, ನಿಜ. ಮನೆಯಂಗಳಕ್ಕೆ 16 ಒಳ್ಳೆಯ ಆರಂಭ, 32 ಆದರೆ ಬಹುಪಾಲು ಕೆಲಸ ಮುಗಿದಂತೆ.

ಬುಡಕ್ಕೆ 15 ಸೆಂಟಿಮೀಟರ್ ಚೌಕದ ಸ್ಟೇನ್‌ಲೆಸ್ ಸ್ಟೀಲ್ ಪ್ಲೇಟ್, ಎಂ6 ಬೋಲ್ಟ್. ಕೋಆಕ್ಸಿನ (ರೇಡಿಯೋದಿಂದ ಬರುವ ಕೇಬಲಿನ) ಹೊರಗಿನ ಜಾಳಿಗೆಯನ್ನು ಪ್ಲೇಟಿಗೆ, ಒಳತಂತಿಯನ್ನು ಆಂಟೆನಾಕ್ಕೆ ಜೋಡಿಸಿ. ರೇಡಿಯಲ್‌ಗಳ ತುದಿಗೆ ತಾಮ್ರದ ಲಗ್ (ಬೋಲ್ಟಿಗೆ ಕೂರುವ ಬಳೆ) ಒತ್ತಿ, ಬೆಸುಗೆ ಹಾಕಿ, ಪ್ಲೇಟಿಗೆ ಬಿಗಿಯಿರಿ. ತಾಮ್ರವನ್ನು ಅಲ್ಯುಮಿನಿಯಂ ಅಥವಾ ಜಿಐಗೆ (ಸತು ಲೇಪಿಸಿದ ಕಬ್ಬಿಣಕ್ಕೆ) ನೇರ ತಾಗಿಸಬೇಡಿ, ನಡುವೆ ಸ್ಟೇನ್‌ಲೆಸ್ ವಾಷರ್ ಇಡಿ. ಕಾರವಾರದ ಉಪ್ಪುಗಾಳಿಗೆ ಅಂಥ ಜೋಡಣೆ ಬಿಳಿ ಪುಡಿಯಾಗಲು ಒಂದು ಮಳೆಗಾಲ ಸಾಕು. ತೆರೆದ ಕೋಆಕ್ಸ್ ತುದಿ ದೀಪದ ಬತ್ತಿಯಂತೆ ನೀರು ಎಳೆಯುತ್ತದೆ. ಮಾಮೂಲಿ ಟೇಪ್ ಅಲ್ಲ, ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿ.

ಹಾಸುವುದಕ್ಕೆ ಮಳೆ ಹಿಂತೆಗೆದ ಅಕ್ಟೋಬರ್ ಒಳ್ಳೆಯದು. ಬೇಸಿಗೆಯಲ್ಲಿ ಈ ನೆಲಕ್ಕೆ ಪಿಕಾಸಿಯೂ ಇಳಿಯದು. 2-3 ಸೆಂಟಿಮೀಟರ್ ಸೀಳಿ, ತಂತಿ ಕೂರಿಸಿ, ಮೀಟರಿಗೊಂದರಂತೆ ಜಿಐ ತಂತಿಯ ಯು-ಪಿನ್ ಹೊಡೆಯಿರಿ. ಇನ್ನೂ ಆಳಕ್ಕೆ ಹೂಳಿದರೆ ನಷ್ಟವೇ. ಮೇಲೆಯೇ ಬಿಟ್ಟರೆ ಹುಲ್ಲು ಹೊಡೆಯುವ ಮಷಿನ್ ಒಂದೇ ಸುತ್ತಿಗೆ ನಾಲ್ಕೈದನ್ನು ಸುತ್ತಿಕೊಂಡೀತು. ಬಾವಿ, ಗೋಡೆ ಅಡ್ಡ ಬಂದರೆ ಬಳಸಿಕೊಂಡು ಹೋಗಿ.

ಈಗ ಬಹಳ ಜನ ಎಡವುವ ಜಾಗ. ನಾಲ್ಕೇ ರೇಡಿಯಲ್ ಇದ್ದಾಗ ಎಸ್‌ಡಬ್ಲ್ಯುಆರ್ (ಆಂಟೆನಾ ಕೇಬಲಿಗೆ ಎಷ್ಟು ಹೊಂದಿದೆ ಎನ್ನುವ ಅಂಕಿ, ಒಂದು ಎಂದರೆ ಪೂರ್ತಿ ಹೊಂದಿಕೆ) ಒಂದರ ಹತ್ತಿರ ಬರಬಹುದು. ಸಂಭ್ರಮ ಬೇಡ. ಕಾಲು ತರಂಗದ ವರ್ಟಿಕಲ್‌ಗೆ ತನ್ನದೇ ಆದದ್ದು 36 ಓಮ್ ಮಾತ್ರ, ಕೇಬಲಿಗೆ ಹೊಂದುವ 50ಕ್ಕೆ ಉಳಿದ 14 ಓಮ್ ಮಣ್ಣಿನದು. ಅಂದರೆ ಪವರಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ನೆಲದ ಪಾಲು. ನ್ಯಾನೋವಿಎನ್‌ಎಯನ್ನು (ಆಂಟೆನಾ ಅಳೆಯುವ ಪುಟ್ಟ ಉಪಕರಣ) ಬುಡದಲ್ಲೇ ಜೋಡಿಸಿ, ಅದರಲ್ಲಿ ರಿಯಾಕ್ಟೆನ್ಸ್ ಸೊನ್ನೆಯಾಗುವಲ್ಲಿ, ಅಂದರೆ ಆಂಟೆನಾ ಟ್ಯೂನ್ ಆದ ಕಡೆ, ರೆಸಿಸ್ಟೆನ್ಸ್ ಎಷ್ಟೆಂದು ಬರೆದಿಡಿ. ನಾಲ್ಕು ನಾಲ್ಕು ರೇಡಿಯಲ್ ಸೇರಿಸಿದಂತೆ ಅದು ಇಳಿಯುತ್ತದೆ, ಎಸ್‌ಡಬ್ಲ್ಯುಆರ್ 1.3ಕ್ಕೆ ಏರಲೂಬಹುದು. ಅದೇ ಒಳ್ಳೆಯ ಲಕ್ಷಣ. ಇನ್ನು ನಾಲ್ಕು ಸೇರಿಸಿದರೂ ಒಂದು ಓಮ್ ಇಳಿಯದಿದ್ದರೆ ನಿಲ್ಲಿಸಿ. ಅಳತೆ ಬೇಸಿಗೆಯಲ್ಲೂ ಮಾಡಿ, ನೆನೆದ ನೆಲದ ಅಂಕಿ ನಂಬುವಂಥದ್ದಲ್ಲ.

ಅಂಗಳ ಅಡಕೆ ಒಣಗಿಸಲು ಬೇಕೆಂದರೆ ನಾಲ್ಕು ರೇಡಿಯಲ್‌ಗಳನ್ನು 3 ಮೀಟರ್ ಮೇಲೆ ಕಟ್ಟಿ. ಆಂಟೆನಾದ ಬುಡವೂ ಅದೇ ಎತ್ತರಕ್ಕೆ ಬರಬೇಕು. ಆಗ ಉದ್ದ ಖಚಿತವಾಗಿರಬೇಕು, ಸುಮಾರು 10 ಮೀಟರ್, ನಾಲ್ಕೂ ಸಮ. ಬುಡದಲ್ಲಿ ಎಫ್‌ಟಿ240-43 ಫೆರೈಟ್ ರಿಂಗಿಗೆ ಆರ್‌ಜಿ-58 ಕೇಬಲನ್ನು ಹನ್ನೆರಡು ಸುತ್ತು ಸುತ್ತಿ ಚೋಕ್ (ಹೊರಮೈಯ ಕರೆಂಟಿಗೆ ತಡೆ) ಮಾಡಿ, ಇಲ್ಲವಾದರೆ ಕೋಆಕ್ಸ್ ಹೊರಮೈಯೇ ಐದನೆಯ ರೇಡಿಯಲ್ ಆಗುತ್ತದೆ. ತುದಿಗಳಲ್ಲಿ ವೋಲ್ಟೇಜ್ ಜಾಸ್ತಿ, ಕೈಗೆ ಸಿಗದಂತಿರಲಿ.

ಕರಾವಳಿಯವರಿಗೆ ಸುಲಭ, ಆದರೆ ಕಡಲು ಕಾಣುವಷ್ಟಕ್ಕೇ ಅಲ್ಲ. ಗಾಳಿಮರದ ಬುಡದ ಒಣ ಮರಳು ಜಂಬಿಟ್ಟಿಗೆಗಿಂತ ಮೇಲೇನಲ್ಲ, ಅಲ್ಲಿಗೂ ಹದಿನಾರು ಬೇಕು. ನೀರಿನಂಚಿನ ಒದ್ದೆ ಮರಳಿನಲ್ಲೋ, ಅಘನಾಶಿನಿ ದಂಡೆಯ ಉಪ್ಪುನೀರಿನ ಗಜನಿ ಗದ್ದೆಯಲ್ಲೋ ನಿಲ್ಲಿಸಿದರೆ ಮೇಲೆತ್ತಿದ ಎರಡೇ ರೇಡಿಯಲ್ ಸಾಕು. ಭರತದ ಹೊತ್ತು ನೋಡಿಕೊಂಡು ನಿಲ್ಲಿಸಿ. ಬಿಚ್ಚಿದ ಮೇಲೆ ಪ್ಲೇಟು, ಬೋಲ್ಟುಗಳನ್ನು ಸಿಹಿನೀರಲ್ಲಿ ತೊಳೆದು ಒರೆಸಿಡಿ.