ಪೈಪ್ ಬಿಡದೆ ಗಾಡಿ ಕ್ಲೀನ್ ಮಾಡೋದು ಹೇಗೆ (ಮಂಗಳೂರು ಉಡುಪಿ ಕಡೆಯವರಿಗೆ)

ಏಪ್ರಿಲ್ ಬಂತು ಅಂದ್ರೆ ತುಂಬೆ ಡ್ಯಾಂನಲ್ಲಿ ನೀರೆಷ್ಟುಂಟು ಅಂತ ದಿನಾ ಪೇಪರ್ ನೋಡೋ ಕೆಲಸ ಶುರು, ಉಡುಪಿಯವರಿಗೆ ಬಜೆ ಡ್ಯಾಂದು ಅದೇ ಕತೆ. 2019ರಲ್ಲಿ ಎರಡೂ ಊರಲ್ಲಿ ನೀರಿನ ರೇಷನಿಂಗ್ ಆದದ್ದು ತುಂಬಾ ಜನಕ್ಕೆ ನೆನಪಿರ್ಬಹುದು. ಪೈಪ್ ಒಂದು ಹತ್ತು ನಿಮಿಷ ಬಿಟ್ರೆ ಸಾಕು ನೂರು ಲೀಟರ್ ಹೋಗಿರ್ತದೆ, ಅದೂ ಕಾರ್ ಪೂರ್ತಿ ಮುಗಿದಿರೋದಿಲ್ಲ. ಕಡಲಿನ ಹತ್ರ ಇರೋರಿಗೆ ಇನ್ನೊಂದು ತಲೆಬಿಸಿ, ಬೇಸಿಗೆಯಲ್ಲಿ ಬಾವಿ ನೀರೇ ಉಪ್ಪಾಗ್ತದೆ, ಅದರಲ್ಲಿ ತೊಳೆದು ಬಿಸಿಲಲ್ಲಿ ಬಿಟ್ರೆ ಬಾಡಿ ತುಂಬಾ ಬಿಳಿ ಬಿಳಿ ಕಲೆ, ತೊಳೆಯದೆ ಇದ್ದದ್ದೇ ಒಳ್ಳೇದಿತ್ತು ಅನ್ನಿಸ್ತದೆ.

ನಾಲ್ಕು ಲೀಟರ್ ನೀರಲ್ಲಿ ಒಂದು ಕಾರ್ ಚೆಂದ ಕ್ಲೀನ್ ಆಗ್ತದೆ ಮಾರಾಯ್ರೆ. ಆದ್ರೆ ಮೊದಲು ಒಂದು ವಿಷಯ ತಲೆಗೆ ಹೋಗ್ಬೇಕು. ತೊಳೆಯುವಾಗ ನೀರಿನ ಮುಖ್ಯ ಕೆಲಸ ಧೂಳನ್ನ ಪೇಂಟ್ ಮೇಲೆ ಉಜ್ಜದೆ ಎತ್ಕೊಂಡು ಹೋಗೋದು. ನಮ್ಮ ಕೆಂಪು ಮಣ್ಣಿನ ಧೂಳು ನೋಡ್ಲಿಕ್ಕೆ ಪೌಡರ್ ಥರ ಇದ್ರೂ ಅದರಲ್ಲಿ ಗಟ್ಟಿ ಮರಳಿನ ಕಣ ಇರ್ತದೆ, ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಹಳೇ ಬೈರಾಸ್ ತಗೊಂಡು ಒಣಗಿದ ಕಾರನ್ನ ಚಕಚಕ ಒರೆಸ್ತಾರಲ್ಲ, ಅದು ಪೇಂಟಿಗೆ ಸ್ಯಾಂಡ್‌ಪೇಪರ್ ಹಾಕಿದ ಹಾಗೆ. ಬಿಸಿಲಲ್ಲಿ ಕಪ್ಪು ಕಾರಿನ ಬಾನೆಟ್ ನೋಡಿ, ಜೇಡರ ಬಲೆ ಥರ ಗೆರೆಗಳು ಕಂಡ್ರೆ ಹೆಚ್ಚಾಗಿ ಈ ಒರೆಸಾಟದ್ದೇ ಫಲ. ಹಾಗಾಗಿ ನೀರು ಕಮ್ಮಿ ಮಾಡ್ತೀರಾದ್ರೆ ಧೂಳು ಜಾರಿ ಬರ್ಲಿಕ್ಕೆ ಬೇರೆ ಏನಾದ್ರೂ ಬೇಕು, ಅದಕ್ಕೇ ಇರೋದು ರಿನ್ಸ್‌ಲೆಸ್ ವಾಶ್ ಅನ್ನೋ ಲಿಕ್ವಿಡ್. ಇದು ಶಾಂಪೂ ಅಲ್ಲ, ನೊರೆ ಬರೋದಿಲ್ಲ, ಧೂಳಿನ ಕಣಕ್ಕೆ ಸುತ್ತ ಜಾರಿಕೆ ಕೊಟ್ಟು ಬಟ್ಟೆ ಒಳಗೆ ಎಳ್ಕೊಳ್ತದೆ, ಆಮೇಲೆ ನೀರು ಹೊಯ್ಯೋ ಅಗತ್ಯ ಇಲ್ಲ. ಗಟ್ಟಿ ಕಾನ್ಸಂಟ್ರೇಟ್ ಆದ್ರೆ ಸಾಮಾನ್ಯವಾಗಿ 1ಕ್ಕೆ 256 ಲೆಕ್ಕ, ಅಂದ್ರೆ 4 ಲೀಟರಿಗೆ ಹೆಚ್ಚುಕಮ್ಮಿ 15 ಎಂಎಲ್, ಆದ್ರೂ ಬಾಟಲಿ ಮೇಲೆ ಬರೆದದ್ದು ನೋಡಿ ಹಾಕಿ. ಪಾತ್ರೆ ತೊಳೆಯೋ ಲಿಕ್ವಿಡ್ ಹಾಕ್ಬೇಡಿ, ಅದು ಪೇಂಟ್ ಕಾಪಾಡ್ಲಿಕ್ಕೆ ಹಚ್ಚಿದ ವ್ಯಾಕ್ಸನ್ನೂ ತೆಗೀತದೆ, ಮತ್ತೆ ಅದನ್ನ ತೊಳೀಲಿಕ್ಕೆ ನೀರೇ ಬೇಕು.

ಬೇಕಾಗಿರೋದು ಒಂದು ಬಾಲ್ದಿ, ಆರೇಳು ಮೈಕ್ರೋಫೈಬರ್ ಬಟ್ಟೆ (ದಪ್ಪ 300ರಿಂದ 400 ಜಿಎಸ್‌ಎಂ, ಅಂದ್ರೆ ಒಂದು ಚದರ ಮೀಟರ್ ಬಟ್ಟೆಗೆ ಅಷ್ಟು ಗ್ರಾಂ, ಇದ್ರೆ ಸಾಕು), ಒಂದು ಸ್ಪ್ರೇ ಬಾಟಲಿ. ಕಾಟನ್ ಬನಿಯನ್ ಪೀಸು ಬೇಡ.

ನೀರು ಎಲ್ಲಿಂದ ಅಂದ್ರೆ, ಮನೇಲಿ ಎಸಿ ಇದ್ರೆ ಅದರ ಡ್ರೈನ್ ಪೈಪಿನ ಕೆಳಗೆ ಬಾಲ್ದಿ ಇಡಿ. ನಮ್ಮ ಸೆಕೆಗೆ ಒಂದು ರಾತ್ರಿ ಓಡಿದ್ರೆ ಲೀಟರ್‌ಗಟ್ಟಲೆ ಬೀಳ್ತದೆ, ಗಾಳಿಯ ತೇವ ತಣ್ಣಗಾಗಿ ಬಂದ ನೀರಲ್ವಾ, ಅದರಲ್ಲಿ ಉಪ್ಪು ಸುಣ್ಣ ಹೆಚ್ಚು ಕಮ್ಮಿ ಇಲ್ಲವೇ ಇಲ್ಲ, ಕಲೆ ಬೀಳೋದಿಲ್ಲ. ಬಟ್ಟೇಲಿ ಸೋಸಿ ತಗೊಳ್ಳಿ ಅಷ್ಟೇ. ಕುಡೀಲಿಕ್ಕೆ ಮಾತ್ರ ಆಗ್ಲಿಕ್ಕಿಲ್ಲ.

ಗಾಡಿ ನೆರಳಲ್ಲಿರ್ಬೇಕು, ಬಾನೆಟ್ ಮುಟ್ಟಿದ್ರೆ ತಣ್ಣಗಿರ್ಬೇಕು, ಬೆಳಿಗ್ಗೆ ಬೇಗ ಮಾಡೋದೇ ಒಳ್ಳೇದು. ಬಾಲ್ದಿ ನೀರಿಗೆ ಲಿಕ್ವಿಡ್ ಬೆರೆಸಿ, ಅದೇ ಮಿಕ್ಸನ್ನ ಸ್ವಲ್ಪ ಸ್ಪ್ರೇ ಬಾಟಲಿಗೆ ಹಾಕಿ ಒಂದು ಪ್ಯಾನೆಲ್ ಪೂರ್ತಿ ಒದ್ದೆ ಆಗೋ ಹಾಗೆ ಹೊಡೀರಿ, ಒಂದು ನಿಮಿಷ ಬಿಡಿ. ಈ ಒಂದು ನಿಮಿಷ ಬಿಡೋ ತಾಳ್ಮೆ ಯಾರಿಗೂ ಇಲ್ಲ, ಅಲ್ಲೇ ಸ್ಕ್ರಾಚ್ ಆಗೋದು. ಆಮೇಲೆ ಬಾಲ್ದಿಯಲ್ಲಿ ಅದ್ದಿದ ಬಟ್ಟೆಯನ್ನ ಎರಡು ಸಲ ಮಡಚಿ ಇಟ್ಕೊಳ್ಳಿ, ಕೈ ಭಾರ ಹಾಕದೆ ಒಂದೇ ದಿಕ್ಕಿಗೆ ಎಳೀರಿ, ಗುಂಡಗೆ ಉಜ್ಜೋದು ಬೇಡ, ಒಂದು ಎಳೆತ ಆದ ಮೇಲೆ ಬಟ್ಟೆಯ ಮಡಿಕೆ ತಿರುಗಿಸಿ ಹೊಸ ಬದಿ ತಗೊಳ್ಳಿ. ಎಲ್ಲ ಬದಿ ಕೊಳೆ ಆದ ಬಟ್ಟೆಯನ್ನ ಬಾಲ್ದಿಗೆ ವಾಪಸ್ ಹಾಕ್ಲೇಬಾರದು, ಪಕ್ಕಕ್ಕೆ ಎಸೆದು ಬೇರೆ ತಗೊಳ್ಳಿ, ಹೀಗೆ ಮಾಡಿದ್ರೆ ಕೊನೇವರೆಗೂ ಬಾಲ್ದಿ ನೀರು ತಿಳಿಯಾಗೇ ಇರ್ತದೆ. ಒಣ ಬಟ್ಟೇಲಿ ಹಿಂದೆನೇ ಒರೆಸ್ಕೊಂಡು ಹೋಗಿ. ಮೊದಲು ರೂಫ್, ಗ್ಲಾಸ್, ಬಾನೆಟ್, ಡೋರಿನ ಮೇಲಿನ ಅರ್ಧ, ಕೊನೆಗೆ ಕೆಳಗಿನ ಭಾಗ ಮತ್ತು ವೀಲ್. ವೀಲಿನ ಬಟ್ಟೆ ಬೇರೆ, ಅದನ್ನ ಬಾಡಿಗೆ ಯಾವತ್ತೂ ತರಬೇಡಿ. ಮ್ಯಾಟ್ (ಹೊಳಪಿಲ್ಲದ) ಪೇಂಟಿನ ಗಾಡಿ ಆದ್ರೆ ವ್ಯಾಕ್ಸ್ ಇಲ್ಲದ ಲಿಕ್ವಿಡ್ಡೇ ಬೇಕು, ಇಲ್ಲಾಂದ್ರೆ ಅಲ್ಲಲ್ಲಿ ಮಿಂಚ್ತದೆ.

ಕಾಗೆ, ಬಾವಲಿ ಹಾಕಿದ್ದು ಕಂಡ್ರೆ ವೀಕೆಂಡ್ ತನಕ ಕಾಯ್ಬೇಡಿ, ಬಿಸಿಲಿಗೆ ಕಾದು ಪೇಂಟಿನ ಮೇಲಿನ ಪಾರದರ್ಶಕ ಪದರ, ಕ್ಲಿಯರ್ ಕೋಟನ್ನೇ ತಿಂತದೆ. ಟಿಶ್ಯೂ ಒದ್ದೆ ಮಾಡಿ ಅದರ ಮೇಲೆ ಐದು ನಿಮಿಷ ಇಟ್ಟು ಮೆಲ್ಲ ಎತ್ತಿ. ಹಲಸಿನ ಮರದ ಕೆಳಗೆ ಪಾರ್ಕ್ ಮಾಡಿ ಮೇಣ ಬಿದ್ದಿದ್ರೆ ಕೆರೆಯೋದು ಬೇಡ, ಸ್ವಲ್ಪ ತೆಂಗಿನೆಣ್ಣೆ ಹಾಕಿ ಬೆರಳಲ್ಲಿ ಮೆಲ್ಲ ತಿಕ್ಕಿ, ಕೈಗೆ ಅಂಟಿದ ಮೇಣ ಹೋಗೋ ಹಾಗೇ ಇದೂ ಬಿಡ್ತದೆ, ಎಣ್ಣೆ ಉಳಿದ್ರೆ ಧೂಳು ಕೂರ್ತದೆ ಹಾಗಾಗಿ ಆ ಜಾಗಕ್ಕೆ ಮತ್ತೊಮ್ಮೆ ಸ್ಪ್ರೇ ಮಾಡಿ ಒರೆಸಿ.

ಸ್ಕೂಟರ್, ಬೈಕಿಗೂ ಇದೇ. ಇಂಜಿನ್ ತಣ್ಣಗಾಗ್ಲಿ. ಫುಟ್‌ಬೋರ್ಡಿನ ಮರಳು ಮೊದಲು ಬ್ರಶ್ಶಲ್ಲಿ ಕೊಡವಿ, ಇಂಜಿನ್ ಸಂದಿಗೆ ಹಳೇ ಪೇಂಟ್ ಬ್ರಶ್ ಭಾರಿ ಉಪಕಾರ. ಬ್ರೇಕ್ ಡಿಸ್ಕಿಗೆ ಯಾವ ಪಾಲಿಶು, ಎಣ್ಣೆ ಕೂಡ ತಾಗ್ಬಾರದು, ಟಯರ್ ಓಡೋ ಭಾಗಕ್ಕೂ ಅಷ್ಟೇ, ಸ್ಕಿಡ್ ಆದ್ರೆ ಕಷ್ಟ. ಚೈನಿಗೆ ಪೆಟ್ರೋಲ್ ಬೇಡ, ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್ ಹಾಕಿ ಒರೆಸಿ ಆಮೇಲೆ ಲ್ಯೂಬ್ ಹಚ್ಚಿ. ಹಿಂದೆಲ್ಲ ಬೈಕ್ ಪೂರ್ತಿ ಡೀಸೆಲಲ್ಲಿ ಒರೆಸ್ತಿದ್ರು, ಹೊಳೀತದೆ ನಿಜ, ಆದ್ರೆ ರಬ್ಬರ್ ಪಾರ್ಟ್ ಹಾಳಾಗ್ತದೆ.

ಎಲ್ಲ ಕೊಳೆಗೂ ಇದು ಆಗೋದಿಲ್ಲ ಅಂತಾನೂ ಹೇಳ್ಬೇಕು. ಮಳೆಗಾಲದಲ್ಲಿ ಕೆಸರು ಮೆತ್ತಿ ಗಟ್ಟಿಯಾಗಿದ್ರೆ, ಮಲ್ಪೆ ಪಣಂಬೂರು ಬೀಚಿಂದ ಮರಳು ಹೊತ್ಕೊಂಡು ಬಂದಿದ್ರೆ, ಬಟ್ಟೆ ಮುಟ್ಟಿಸ್ಲೇಬೇಡಿ, ಮೊದಲು ನೀರು ಹೊಯ್ಯಲೇಬೇಕು, ಎರಡು ಚೊಂಬಾದ್ರೂ ಸರಿ. ಉಪ್ಪಿನದ್ದು ಇನ್ನೂ ಸೀರಿಯಸ್. ಬಟ್ಟೇಲಿ ಒರೆಸಿದ್ರೆ ಕಾಣೋ ಬಾಡಿಯ ಉಪ್ಪು ಹೋಗ್ತದೆ, ಅಡಿಯಲ್ಲಿ, ವೀಲ್ ಆರ್ಚ್ (ಚಕ್ರದ ಮೇಲಿನ ಕಮಾನು) ಒಳಗೆ, ಡೋರಿನ ಕೆಳ ಅಂಚಲ್ಲಿ ಕೂತದ್ದು ಹಾಗೇ ಇರ್ತದೆ, ತುಕ್ಕು ಶುರುವಾಗೋದೇ ಅಲ್ಲಿಂದ. ಕಡಲ ಬದಿ ಮನೆಯವರು ಆಗಾಗ ಅಡಿಭಾಗಕ್ಕೆ ಮಾತ್ರ ಸಿಹಿನೀರಿನ ವಾಶ್ ಮಾಡಿಸಿ, ಮೇಲಿನದ್ದು ಮನೇಲೇ ಬಾಲ್ದಿಯಲ್ಲಿ ಸಾಕು.

ಬಟ್ಟೆಗಳನ್ನ ಮನೆ ಬಟ್ಟೆ ಜೊತೆ ಮೆಶಿನ್ನಿಗೆ ಹಾಕ್ಬೇಡಿ, ಕಾಟನ್ನಿನ ನಾರು ಹಿಡ್ಕೊಳ್ತದೆ, ಕಂಫರ್ಟ್ ಥರದ ಬಟ್ಟೆ ಮೆತ್ತಗೆ ಮಾಡೋ ಲಿಕ್ವಿಡ್ ಅಂತೂ ಬೇಡವೇ ಬೇಡ, ಅದು ಹಾಕಿದ್ರೆ ಬಟ್ಟೆ ನೀರು ಹೀರೋದೇ ಬಿಡ್ತದೆ. ಅರ್ಧ ಬಾಲ್ದಿ ನೀರು, ಚೂರು ಲಿಕ್ವಿಡ್ ಸೋಪು, ನೆರಳಲ್ಲಿ ಒಣಗಿಸಿ. ಕೆಲಸ ಮಾಡುವಾಗ ಒಂದು ಬಟ್ಟೆ ನೆಲಕ್ಕೆ ಬಿತ್ತಾ, ಅದು ಅಲ್ಲಿಂದ ವೀಲಿನ ಬಟ್ಟೆ, ಕೊಡವಿ ಮತ್ತೆ ಬಾನೆಟ್ ಒರೆಸ್ಲಿಕ್ಕೆ ಹೋಗ್ಬೇಡಿ.