ಗೋಡೆ, ಕುರ್ಚಿ, ಅಡುಗೆ ಕಟ್ಟೆ: ಮನೆಯಲ್ಲೇ ಯೋಗ ಶುರು ಮಾಡುವುದು ಹೇಗೆ?

‘ನನ್ನ ಮೈ ಬಗ್ಗೋದೇ ಇಲ್ಲ, ನನಗೆಲ್ಲಿಯ ಯೋಗ?’ ಎನ್ನುವವರು ಮನೆಗೊಬ್ಬರಾದರೂ ಇರುತ್ತಾರೆ. ನಿಜ ಹೇಳಬೇಕೆಂದರೆ, ಯೋಗ ಜಾಸ್ತಿ ಬೇಕಿರುವುದು ಬಗ್ಗದ ಮೈಗೇ. ಬಿ.ಕೆ.ಎಸ್. ಅಯ್ಯಂಗಾರ್ ಅವರನ್ನೇ ನೋಡಿ. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲವೂ ಕಾಡಿ ಸೊರಗಿ ಹೋಗಿದ್ದರು. ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರ ಹತ್ತಿರ ಯೋಗ ಕಲಿತರು, 1937ರಲ್ಲಿ ಪುಣೆಗೆ ಹೋಗಿ ಕಲಿಸತೊಡಗಿದರು, 95 ವರ್ಷ ಬದುಕಿದರು. ಆಸನ ಮಾಡಲು ಕುರ್ಚಿ, ಬೆಲ್ಟು, ಮರದ ಇಟ್ಟಿಗೆ, ಕಂಬಳಿ, ಗೋಡೆ ಇವನ್ನೆಲ್ಲ ಆಸರೆ ಮಾಡಿಕೊಳ್ಳುವ ಪದ್ಧತಿ ದೇಶವಿದೇಶಕ್ಕೆ ಹಬ್ಬಿದ್ದು ಮುಖ್ಯವಾಗಿ ಅವರಿಂದ. ನಾವೂ ಅದೇ ದಾರಿ ಹಿಡಿಯೋಣ.

ಮೊದಲು ಗಮನಿಸಿ

ಆಸನಗಳ ಪಟ್ಟಿ ಹಿಡಿದು ಶುರು ಮಾಡಬೇಡಿ. ಎರಡು ಮೂರು ದಿನ ಸುಮ್ನೆ ನಿಮ್ಮ ಮೈ ಎಲ್ಲಿ ಹಿಡಿದುಕೊಳ್ಳುತ್ತದೆ ಅಂತ ನೋಡಿ. ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗಲಾ? ಚಪಾತಿ ಲಟ್ಟಿಸಿದ ಮೇಲೆ ಕತ್ತಿನಲ್ಲಾ? ಆಫೀಸಿನಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಸೊಂಟದಲ್ಲಾ? ನಿಮ್ಮ ಯೋಗ ಅಲ್ಲಿಂದಲೇ ಶುರುವಾಗಬೇಕು. ಆಗಲೇ ಅದು ದಿನದ ಕೆಲಸಕ್ಕೆ ಬರುತ್ತದೆ.

ಗೋಡೆಗೆ ಒರಗಿ ನಿಲ್ಲುವುದು

ಹಳೆಯ ಚಪ್ಪಲಿ ಜೋಡಿಯನ್ನು ತಿರುಗಿಸಿ ಹಿಮ್ಮಡಿ ನೋಡಿ. ಹೊರಗಿನ ಅಂಚು ಸ್ವಲ್ಪ ಸವೆದಿರುವುದು ಸಹಜ. ಆದರೆ ಒಂದು ಚಪ್ಪಲಿ ಇನ್ನೊಂದಕ್ಕಿಂತ ಜಾಸ್ತಿ ಸವೆದಿದ್ದರೆ, ಭಾರವನ್ನೆಲ್ಲ ಒಂದೇ ಕಾಲಿಗೆ ಹಾಕುವ ಅಭ್ಯಾಸ ನಿಮಗಿರಬಹುದು. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ನಮಗೇ ಗೊತ್ತಿಲ್ಲದಂತೆ ಹಾಗೆ ನಿಂತಿರುತ್ತೇವೆ. ಸೊಂಟದ ಒಂದು ಬದಿ ಅದರ ಭಾರ ಹೊರುತ್ತದೆ.

ಇದಕ್ಕೆ ತಾಡಾಸನ. ಗೋಡೆಯಿಂದ ಎರಡು ಇಂಚು ಮುಂದೆ ಹಿಮ್ಮಡಿ ಇಟ್ಟು ನಿಲ್ಲಿ. ಪೃಷ್ಠ ಮತ್ತು ಬೆನ್ನಿನ ಮೇಲ್ಭಾಗ ಗೋಡೆಗೆ ತಾಗಲಿ. ತಲೆಯನ್ನು ಬಲವಂತವಾಗಿ ಹಿಂದಕ್ಕೆ ಒತ್ತಬೇಡಿ. ಈಗ ಗಮನ ಪಾದಕ್ಕೆ. ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಹಿಮ್ಮಡಿ ಈ ಮೂರೂ ಕಡೆ ನೆಲ ಸಮನಾಗಿ ಒತ್ತಬೇಕು, ಎರಡೂ ಕಾಲಲ್ಲೂ. ಬೆರಳುಗಳು ನೆಲವನ್ನು ಕಚ್ಚಿ ಹಿಡಿದಿದ್ದರೆ ಸಡಿಲ ಬಿಡಿ. ಮಂಡಿಯನ್ನು ಹಿಂದಕ್ಕೆ ತಳ್ಳದೆ, ತೊಡೆಯನ್ನು ಸ್ವಲ್ಪವೇ ಬಿಗಿ ಮಾಡಿ. ಆರೇಳು ಉಸಿರಿನಷ್ಟು ಹೊತ್ತು ಸಾಕು. ಒಂದು ವಾರ ಮಾಡಿದರೆ ಬಸ್‌ಸ್ಟಾಪಿನಲ್ಲೂ ಕಾಲು ನೆನಪು ಮಾಡತೊಡಗುತ್ತದೆ. ನನ್ನ ಪ್ರಕಾರ ಎಲ್ಲ ಆಸನಗಳಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ, ಜನ ಹೆಚ್ಚು ಕಡೆಗಣಿಸುವುದೂ ಇದನ್ನೇ.

ಅಡುಗೆ ಕಟ್ಟೆ ಹಿಡಿದು ಬಗ್ಗುವುದು

ತುಂಬ ಹೊತ್ತು ಕೂತು ಕೆಲಸ ಮಾಡುವವರಲ್ಲಿ ತೊಡೆಯ ಹಿಂಬದಿ ಬಿಗಿದಿರುವುದು ಸಾಮಾನ್ಯ. ಆಮೇಲೆ ಬಕೆಟ್ ಎತ್ತಲು ಬಗ್ಗಿದರೆ ಸೊಂಟದ ಕೀಲು ಮಡಚುವುದಿಲ್ಲ, ಬೆನ್ನು ಗೂನಾಗುತ್ತದೆ. ಗ್ಯಾಸ್ ಸಿಲಿಂಡರ್ ಜರುಗಿಸುವಾಗ ಬೆನ್ನು ‘ಹಿಡಿದುಕೊಳ್ಳುವುದು’ ಎಷ್ಟೋ ಸಲ ಹೀಗೇ.

ಒಲೆ ಆರಿಸಿ. ಎರಡೂ ಕೈಗಳನ್ನು ಭುಜದಷ್ಟು ಅಗಲ ಬಿಟ್ಟು ಕಟ್ಟೆಯ ಮೇಲಿಡಿ. ಒಂದೊಂದೇ ಹೆಜ್ಜೆ ಹಿಂದೆ ಹೋಗುತ್ತ ಬಗ್ಗಿ. ಪಾದಗಳು ಸೊಂಟದ ನೇರ ಕೆಳಗೆ ಬಂದಾಗ ನಿಲ್ಲಿ. ಪೃಷ್ಠ ಹಿಂದಕ್ಕೆ, ಕೈ ಮುಂದಕ್ಕೆ, ನಡುವೆ ಬೆನ್ನು ಉದ್ದವಾಗಲಿ. ಬೆನ್ನು ಗೂನಾಗುತ್ತಿದ್ದರೆ ಮಂಡಿ ಮಡಚಿ, ಅದರಲ್ಲಿ ತಪ್ಪೇನಿಲ್ಲ. ಐದು ಉಸಿರಾದ ಮೇಲೆ ಹೆಜ್ಜೆ ಮುಂದಿಟ್ಟು, ಉಸಿರು ತೆಗೆದುಕೊಳ್ಳುತ್ತ ನಿಧಾನಕ್ಕೆ ಏಳಿ. ಗಡಬಡಿಸಿ ಎದ್ದರೆ ತಲೆ ತಿರುಗಬಹುದು. ಇಲ್ಲಿ ಕಲಿತ ಮಡಚುವಿಕೆಯನ್ನು ಬಕೆಟ್ ಎತ್ತುವಾಗಲೂ ಬಳಸಿ: ಮಂಡಿ ಮಡಚಿ, ಪೃಷ್ಠ ಹಿಂದಕ್ಕೆ, ಬೆನ್ನು ನೇರ.

ಕುರ್ಚಿಯ ಮೇಲೆ ತಿರುಗುವುದು

ಕೈ ಇಲ್ಲದ, ಗಟ್ಟಿಯಾದ ಕುರ್ಚಿ ಬೇಕು. ನುಣುಪು ಟೈಲ್ಸ್ ಮೇಲೆ ಕುರ್ಚಿ ಜಾರುತ್ತದೆ, ಗೋಡೆಗೆ ತಾಗಿಸಿಡಿ. ಕುರ್ಚಿಯ ಬೆನ್ನು ನಿಮ್ಮ ಬಲಕ್ಕೆ ಬರುವಂತೆ ಅಡ್ಡ ಕೂತು, ಪಾದ ನೆಲಕ್ಕೂರಿ, ಉಸಿರು ಬಿಡುತ್ತ ಬಲಕ್ಕೆ ತಿರುಗಿ ಕುರ್ಚಿಯ ಬೆನ್ನು ಹಿಡಿಯಿರಿ. ಹೊಟ್ಟೆ ಮೊದಲು ತಿರುಗಲಿ, ಕತ್ತು ಕೊನೆಗೆ. ನಾಲ್ಕೈದು ಉಸಿರು, ಆಮೇಲೆ ಇನ್ನೊಂದು ಬದಿ. ಡಿಸ್ಕ್ ತೊಂದರೆ ಇರುವವರು, ಗರ್ಭಿಣಿಯರು ಇದನ್ನು ಗುರುಗಳಿಲ್ಲದೆ ಮಾಡುವುದು ಬೇಡ.

ಸಂಜೆ ಕಾಲಿಗೆ ಬಿಡುವು

ಅಂಗಡಿಯವರು, ಟೀಚರುಗಳು, ಬಸ್ ಕಂಡಕ್ಟರುಗಳು ಸಂಜೆ ಸಾಕ್ಸ್ ಬಿಚ್ಚಿದರೆ ಕಾಲಿನ ಮೇಲೆ ಅಚ್ಚು ಬಿದ್ದಿರುತ್ತದೆ. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ಕಳಿಸುತ್ತದೆ. ನಿಂತಲ್ಲೇ ನಿಂತರೆ ಆ ಕೆಲಸ ನಡೆಯುವುದಿಲ್ಲ. ಜಮಖಾನ ಹಾಸಿ ಅಂಗಾತ ಮಲಗಿ, ಮೀನಖಂಡಗಳನ್ನು ಕುರ್ಚಿಯ ಮೇಲಿಟ್ಟು ಐದರಿಂದ ಹತ್ತು ನಿಮಿಷ ಇರಿ. ಏಳುವಾಗ ಮಗ್ಗುಲಿಗೆ ಹೊರಳಿ, ಕೈಯೂರಿ ಏಳಿ. ಹೃದಯದ ತೊಂದರೆ, ಗ್ಲಾಕೋಮಾ, ಹತೋಟಿಗೆ ಬಾರದ ಬಿಪಿ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಒಂದೇ ಕಾಲು ಊದಿ ನೋಯುತ್ತಿದ್ದರೆ ಅದು ಆಸನದ ಮಾತಲ್ಲ, ತಡಮಾಡದೆ ತೋರಿಸಿ.

ಉಸಿರು

ಸುಮ್ಮನೆ ಕೂತು ಎರಡು ಬೆರಳನ್ನು ಮಣಿಕಟ್ಟಿನ ನಾಡಿಯ ಮೇಲಿಡಿ. ನಿಧಾನವಾಗಿ ಉಸಿರಾಡಿ. ಉಸಿರು ಎಳೆದುಕೊಳ್ಳುವಾಗ ನಾಡಿ ತುಸು ಬೇಗ, ಬಿಡುವಾಗ ತುಸು ನಿಧಾನ ಬಡಿಯುವುದು ಕೆಲವರಿಗೆ ಬೆರಳಿಗೇ ಸಿಗುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಇದು ಇನ್ನೂ ಸ್ಪಷ್ಟ. ಉಸಿರು ಬಿಡುವುದನ್ನು ಉದ್ದ ಮಾಡಿದರೆ ಮೈ ತಣ್ಣಗಾಗುವುದಕ್ಕೆ ಒಂದು ಕಾರಣ ಇದು.

ನಾಲ್ಕು ಎಣಿಸುತ್ತ ಮೂಗಿನಿಂದ ಒಳಗೆ, ಆರು ಎಣಿಸುತ್ತ ಹೊರಗೆ. ಉಸಿರು ಕಟ್ಟುವುದು ಬೇಡ. ಆರು ಕಷ್ಟವಾದರೆ ಐದು. ತಲೆ ಸುತ್ತಿದಂತಾದರೆ ಬಿಟ್ಟು ಮಾಮೂಲಾಗಿ ಉಸಿರಾಡಿ. ಬೆಳಿಗ್ಗೆ ಚಾಪೆಯ ಮೇಲೆ ಕಲಿಯಿರಿ, ಉಪಯೋಗಿಸುವುದು ಬೇರೆ ಕಡೆ. ಮಗುವಿಗೆ ಅದೇ ಲೆಕ್ಕವನ್ನು ಮೂರನೇ ಸಲ ಹೇಳಿಕೊಡುವ ಮೊದಲು. ಮನಸ್ಸಿಗೆ ಒಲ್ಲದ ಫೋನ್ ಎತ್ತುವ ಮೊದಲು. ಮಾತು ನಾಲಿಗೆಗೆ ಬರುವಷ್ಟರಲ್ಲಿ ಒಂದು ಉದ್ದ ಉಸಿರು ಹೊರಗೆ ಹೋದರೆ, ಎಷ್ಟೋ ಸಲ ಆ ಮಾತು ಬೇರೆ ರೂಪದಲ್ಲಿ ಬರುತ್ತದೆ. ಮನೆಯವರಿಗೆ ನಿಮ್ಮ ಯೋಗದ ಗುಣ ಗೊತ್ತಾಗುವುದು ಇಲ್ಲೇ, ಅಲ್ವಾ?

ಹೊತ್ತು ಯಾವುದು?

ಆಸನಕ್ಕೆ ಹೊಟ್ಟೆ ಖಾಲಿ ಇರಲಿ. ಊಟವಾಗಿ ಮೂರು ನಾಲ್ಕು ಗಂಟೆ ಕಳೆದಿರಬೇಕು. ಉದ್ದ ಉಸಿರಿಗೆ ಆ ಕಟ್ಟುಪಾಡಿಲ್ಲ. ಭಾನುವಾರದ ಎರಡು ಗಂಟೆಗಿಂತ ದಿನಾ ಹದಿನೈದು ನಿಮಿಷ ಎಷ್ಟೋ ಮೇಲು. ಹಾಲು ಕಾಯಿಸುವ ಮೊದಲು, ಸ್ನಾನಕ್ಕೆ ಮೊದಲು, ಹೀಗೆ ಈಗಾಗಲೇ ಇರುವ ಕೆಲಸಕ್ಕೆ ತಗಲಿಸಿಬಿಡಿ. ಬಿಪಿ, ಶುಗರ್ ಮಾತ್ರೆಗಳನ್ನು ಯೋಗ ಶುರುವಾಯಿತು ಅಂತ ನೀವೇ ನಿಲ್ಲಿಸಬೇಡಿ.

ಸ್ನಾಯು ಎಳೆದಂತಾಗುವುದು ಬೇರೆ, ಚುಚ್ಚುವ ನೋವು ಬೇರೆ. ಕೀಲಿನಲ್ಲಿ ಚುಚ್ಚಿದರೆ ಅಲ್ಲಿಗೇ ನಿಲ್ಲಿಸಿ. ಸೊಂಟದಿಂದ ಪಾದದವರೆಗೆ ನೋವು ಇಳಿಯುತ್ತಿದ್ದರೆ, ಕಾಲು ಜೋಮು ಹಿಡಿಯುತ್ತಿದ್ದರೆ ಮೊದಲು ಡಾಕ್ಟರು, ಆಮೇಲೆ ಆಸನ. ಮುಂದೆ ಕ್ಲಾಸಿಗೆ ಸೇರುವಾಗ ನಿಮ್ಮ ಬಿಪಿ, ಹಳೆಯ ಆಪರೇಷನ್, ಮಂಡಿ ನೋವು ಎಲ್ಲವನ್ನೂ ಮೊದಲ ದಿನವೇ ಗುರುಗಳಿಗೆ ಹೇಳಿ. ಅವರು ಬೆನ್ನು ಒತ್ತಿ ಬಗ್ಗಿಸಲು ಬಂದಾಗ ಬೇಡ ಅನ್ನಿಸಿದರೆ, ಬೇಡ ಎಂದು ಬಾಯಿಬಿಟ್ಟು ಹೇಳಿ.