ಹವಳದ ಅಕ್ವೇರಿಯಂ: ಮೊದಲು ಯಾರು, ಆಮೇಲೆ ಯಾರು?

ಹೊಸದಾಗಿ ಉಪ್ಪುನೀರಿನ ಅಕ್ವೇರಿಯಂ ಕಟ್ಟಿದವರ ಕಣ್ಣು ಮೊದಲು ಬೀಳುವುದು ಬ್ಲೂ ಟ್ಯಾಂಗ್ ಮೇಲೆ. ತರುವಾಗ ಹೆಬ್ಬೆರಳಿನಷ್ಟಿರುವ ಆ ನೀಲಿ ಮೀನು ಬೆಳೆದರೆ ಸುಮಾರು 30 ಸೆಂ.ಮೀ. ಆಗುತ್ತದೆ, ದಿನವಿಡೀ ಈಜುತ್ತಲೇ ಇರುತ್ತದೆ. ಚಿಕ್ಕ ತೊಟ್ಟಿಯಲ್ಲಿ ಅದರ ಪಾಡು ಕೇಳಬೇಡಿ. ಹಾಗಾಗಿ ಬಣ್ಣ ನೋಡುವ ಮುನ್ನ ಮೂರು ಪ್ರಶ್ನೆ ಕೇಳಿ: ಎಷ್ಟು ದೊಡ್ಡದಾಗುತ್ತದೆ, ಏನು ತಿನ್ನುತ್ತದೆ, ಯಾರ ಜೊತೆ ಜಗಳ ಕಾಯುತ್ತದೆ?

ಹಂತ 1: ಯಾರನ್ನೂ ತರಬೇಡಿ. ಕಲ್ಲು, ಮರಳು, ಉಪ್ಪುನೀರು ಸೇರಿದ ಮೇಲೆ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಮೀನಿನ ತ್ಯಾಜ್ಯದಿಂದ ಬರುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುವುದು ಅವೇ. ಪರೀಕ್ಷೆಯಲ್ಲಿ ಮೊದಲೆರಡೂ ಸೊನ್ನೆ ತೋರಿಸುವವರೆಗೆ ಕಾಯಲೇಬೇಕು.

ಹಂತ 2: ಕಲ್ಲಿನ ಮೇಲೆ ಪಾಚಿ ಕಂಡಾಗ ಬಸವನಹುಳುಗಳನ್ನು ಬಿಡಿ. ನನ್ನ ಆಯ್ಕೆ ಟ್ರೋಕಸ್. ಮಗುಚಿ ಬಿದ್ದರೂ ತಾನೇ ಎದ್ದುಕೊಳ್ಳುತ್ತದೆ. ಆಸ್ಟ್ರೇಯಾ (Astraea) ಜಾತಿಯ ಬಸವನಹುಳುವಿಗೆ ಅದು ಕಷ್ಟ, ದಿನಾ ನೀವೇ ಕೈಹಾಕಿ ಎತ್ತಿ ನಿಲ್ಲಿಸಬೇಕಾದೀತು. ಹರ್ಮಿಟ್ ಏಡಿ ತಂದರೆ ಒಂದಷ್ಟು ಖಾಲಿ ಚಿಪ್ಪುಗಳನ್ನೂ ಹಾಕಿ. ಇಲ್ಲವಾದರೆ ಚಿಪ್ಪಿನಾಸೆಗೆ ಅದು ಬಸವನಹುಳುವನ್ನೇ ಮುಗಿಸಿಬಿಟ್ಟೀತು.

ಹಂತ 3: ಮೀನಿನ ಸರದಿ. ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಒಸೆಲ್ಲಾರಿಸ್ ಕ್ಲೌನ್ ಮೀನಿನ ಜೋಡಿ ಹೊಸಬರಿಗೆ ಹೇಳಿಮಾಡಿಸಿದ್ದು. ಒಂದು ದೊಡ್ಡದು, ಒಂದು ಚಿಕ್ಕದು ಆರಿಸಿ. ಇವೆಲ್ಲ ಗಂಡಾಗಿಯೇ ಹುಟ್ಟುತ್ತವೆ. ಜೋಡಿಯಲ್ಲಿ ಮೇಲುಗೈ ಸಾಧಿಸಿದ್ದು ಹೆಣ್ಣಾಗುತ್ತದೆ. ಕ್ಲೌನ್ ಮೀನಿಗೆ ಅನಿಮೋನಿ (ಹೂವಿನಂತೆ ಕಾಣುವ ಕಡಲಜೀವಿ) ಬೇಕೇಬೇಕು ಎಂಬುದು ತಪ್ಪು ತಿಳಿವಳಿಕೆ. ಹೊಸ ತೊಟ್ಟಿಯಲ್ಲಿ ಅನಿಮೋನಿ ಜಾಗ ಹುಡುಕುತ್ತಾ ಅಲೆದು ಪಂಪಿಗೆ ಸಿಕ್ಕಿಕೊಳ್ಳುವುದುಂಟು.

ನನ್ನನ್ನು ಕೇಳಿದರೆ ಕ್ಲೌನ್‌ಗಿಂತಲೂ ಸೊಗಸು ಗೋಬಿ ಮೀನು ಮತ್ತು ಪಿಸ್ತೂಲ್ ಸಿಗಡಿಯ ಸಂಸಾರ. ಸಿಗಡಿಗೆ ಕಣ್ಣು ಮಂದ. ಅದು ಬುಲ್ಡೋಜರಿನಂತೆ ಮರಳು ತಳ್ಳಿಕೊಂಡು ಹೊರಬರುವಾಗ ಒಂದು ಮೀಸೆ ಸದಾ ಗೋಬಿಯ ಮೈಗೆ ತಾಗಿಕೊಂಡಿರುತ್ತದೆ. ಬಾಗಿಲಲ್ಲಿ ಕಾವಲು ಕೂತ ಗೋಬಿ ಬಾಲ ಅದುರಿಸಿತೋ, ಸಿಗಡಿ ಬಿಲದೊಳಗೆ ಮಾಯ. ಎಲ್ಲ ಗೋಬಿಗಳೂ ಹೀಗಿರುವುದಿಲ್ಲ, ಯೆಲ್ಲೋ ವಾಚ್‌ಮನ್ ಗೋಬಿಯನ್ನೇ ಕೇಳಿ ತನ್ನಿ. ತೊಟ್ಟಿಗೆ ಬಲೆಯ ಮುಚ್ಚಳ ಇರಲಿ, ಗೋಬಿ ಜಿಗಿಯುತ್ತದೆ.

ಒಮ್ಮೆಗೆ ಒಂದೆರಡು ಮೀನು ಸಾಕು. ಸಾಧು ಸ್ವಭಾವದವು ಮೊದಲು, ಜಗಳಗಂಟರು ಕೊನೆಗೆ. ಗಟ್ಟಿಜೀವ ಎಂದು ಡ್ಯಾಮ್ಸೆಲ್ ಮೀನನ್ನು ಮೊದಲು ಬಿಟ್ಟರೆ ಆಮೇಲೆ ಬಂದವರನ್ನೆಲ್ಲ ಅಟ್ಟಾಡಿಸುತ್ತದೆ. ಹಿಡಿಯಬೇಕೆಂದರೆ ಕಲ್ಲೆಲ್ಲ ಹೊರತೆಗೆಯಬೇಕು. ಮ್ಯಾಂಡರಿನ್ ಮೀನಿನ ಆಸೆಯನ್ನೂ ಸದ್ಯಕ್ಕೆ ಬಿಡಿ. ಅದು ಕಲ್ಲಿನ ಸಂದಿಯ ಕೋಪೆಪಾಡ್ ಎಂಬ ಅತಿಸಣ್ಣ ಜೀವಿಗಳನ್ನು ಹೆಕ್ಕಿ ತಿನ್ನುತ್ತದೆ, ಹಾಕಿದ ಆಹಾರವನ್ನು ಹೆಚ್ಚಾಗಿ ಮೂಸಿಯೂ ನೋಡುವುದಿಲ್ಲ.

ಹಂತ 4: ನೀರು ಕೆಲವು ತಿಂಗಳು ಸ್ಥಿರವಾಗಿದ್ದರೆ ಮೃದು ಹವಳಗಳು. ಮಶ್ರೂಮ್, ಲೆದರ್ ಹವಳಗಳು ಸಣ್ಣಪುಟ್ಟ ತಪ್ಪನ್ನು ಸಹಿಸಿಕೊಳ್ಳುತ್ತವೆ. ಗ್ರೀನ್ ಸ್ಟಾರ್ ಪಾಲಿಪ್ ಕಂಡಕಂಡಲ್ಲಿ ಹಬ್ಬುತ್ತದೆ, ಒಂಟಿ ಕಲ್ಲಿನ ಮೇಲಿಡಿ. ಹವಳದ ಬಂಧುಗಳಾದ ಜೊಯಾಂಥಿಡ್‌ಗಳನ್ನು ಮುಟ್ಟುವಾಗ ಕೈಗವಸು, ಕನ್ನಡಕ ಕಡ್ಡಾಯ. ಕೆಲವುಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಅವು ಅಂಟಿದ ಕಲ್ಲನ್ನು ಕುದಿಸುವ ಸಾಹಸವಂತೂ ಬೇಡವೇ ಬೇಡ.

ಹೊಸ ಮೀನನ್ನು ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿ. ಬಿಳಿ ಚುಕ್ಕೆ ರೋಗ ಕಂಡರೆ ತಾಮ್ರದ ಔಷಧಿಯನ್ನು ಅಲ್ಲೇ ಕೊಡಬಹುದು. ಹವಳದ ತೊಟ್ಟಿಗೆ ಅದನ್ನು ಹಾಕಿದರೆ ಸಿಗಡಿ, ಬಸವನಹುಳು, ಹವಳ ಯಾವುದೂ ಉಳಿಯುವುದಿಲ್ಲ.